ಒಂದೇ ಹಾಳೆಯ ಎರಡು ಸತ್ಯ

2024ರ ಮೇ 28, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಎರ್ಗಾಜಿ ಚಿಕಿತ್ಸಾಲಯದ ಗೇಟಿನ ಎದುರು ನಿಂತು, ಕೋಟಿನ ತೋಳಿಗೆ ಅಂಟಿದ್ದ ಪಾಪ್ಲರ್ ಮರದ ಹತ್ತಿಯನ್ನು ಉಗುರಿನಿಂದ ಎಳೆ ಎಳೆಯಾಗಿ ಕಿತ್ತು ಬಿಡುತ್ತಿದ್ದ. ಬಿಟ್ಟ ಎಳೆ ಕೆಳಗೆ ಬೀಳದೆ ಅವನ ಮೂಗಿನ ಮಟ್ಟದಲ್ಲೇ ಸ್ವಲ್ಪ ಹೊತ್ತು ಯೋಚಿಸುವಂತೆ ತೇಲಿ, ಮತ್ತೆ ಅದೇ ತೋಳಿಗೆ ಬಂದು ಕೂರುತ್ತಿತ್ತು. ಮೇ ತಿಂಗಳ ಕೊನೆಯ ಈ ಎರಡು ವಾರ ಅಲ್ಮಾಟಿಯಲ್ಲಿ ಹೀಗೇ. ಚರಂಡಿಯ ಅಂಚಿನಲ್ಲಿ, ಮೆಟ್ಟಿಲ ಸಂದಿಯಲ್ಲಿ, ಚಹದ ಬಟ್ಟಲಿನಲ್ಲಿ, ಮುದುಕರ ಹುಬ್ಬಿನಲ್ಲಿ ಹತ್ತಿ. ಎಲ್ಲರೂ ಸೀನುತ್ತಾರೆ, ಎಲ್ಲರೂ ಬಯ್ಯುತ್ತಾರೆ, ಮುಂದಿನ ವರ್ಷ ಈ ಹೆಣ್ಣು ಮರಗಳನ್ನೆಲ್ಲ ಕಡಿಸುತ್ತೇವೆಂದು ಆಡಳಿತದವರು ಹೇಳುತ್ತಾರೆ, ಮುಂದಿನ ವರ್ಷವೂ ಹತ್ತಿ ಬರುತ್ತದೆ. ಹಳ್ಳಿಯಿಂದ ಓದಲು ಬಂದಾಗಿನಿಂದ ಇದನ್ನು ನೋಡುತ್ತ ಬಂದ ಐವತ್ತಮೂರರ ಅವನಿಗೆ ಅದು ಬೇಸರವನ್ನೂ ತರುತ್ತಿರಲಿಲ್ಲ. ಬೇಸರ ತರುತ್ತಿದ್ದದ್ದು ಎದುರಿಗೆ ನಿಂತಿದ್ದ ವಾಹನ. ಚಾಲಕನಿಲ್ಲದ, ಹಿಂದು ಮುಂದು ಒಂದೇ ಥರ ಕಾಣುವ, ಹನ್ನೆರಡು ಜನ ಕೂರುವ ಬಿಳಿ ಡಬ್ಬ. ಅದಕ್ಕೆ ಶಾಲಾಮಕ್ಕಳ ಸ್ಪರ್ಧೆ ನಡೆಸಿ 'ಕುಲಿನ್' ಅಂತ, ಕುದುರೆಮರಿ ಅಂತ, ಹೆಸರಿಟ್ಟಿದ್ದರು. ಪಕ್ಕಕ್ಕೆ ಟಗರಿನ ಕೊಂಬಿನ ಚಿತ್ತಾರ, ಮೂತಿಗೆ ಒಂದು ನಗು. ನಗುವನ್ನು ಯಾಕೆ ಬಿಡಿಸಿದರೆಂದು ಅವನಿಗೆ ಅರ್ಥವಾಗಿರಲಿಲ್ಲ. ಬ್ರೇಕು ಸರಿಯಿದ್ದ ಯಾವ ಯಂತ್ರವೂ ನಗಬೇಕಾಗಿಲ್ಲ. ಚಿತ್ತಾರದ ಕೆಳಗೆ, ಬಿಸಿಲು ಓರೆಯಾಗಿ ಬಿದ್ದಾಗ, ಕಿತ್ತುಹಾಕಿದ ಹಳೆಯ ಅಕ್ಷರಗಳ ಅಂಟು ಕಾಣುತ್ತಿತ್ತು. ಇದು ಈ ಗಾಡಿಯ ನಾಲ್ಕನೇ ಊರು. ಪ್ರತಿ ಊರಲ್ಲೂ ಆರು ತಿಂಗಳು, ಒಂದು ರಿಬ್ಬನ್ನು, ಒಂದಿಷ್ಟು ಫೋಟೋ, ಆಮೇಲೆ ಇನ್ನೊಂದು ಹೆಸರು.

"ಎರೆಕೆ! ಇಲ್ಲಿದ್ದೀರಾ! ನಿಮ್ಮನ್ನೇ ಹುಡುಕ್ತಿದ್ದೆ!" ಎಂದು ಕೂಗುತ್ತ ಅಲ್ದಿಯಾರ್ ಬಂದ. ಗಾಡಿ ಪೂರೈಸಿದ ಕಂಪನಿಯ ಪ್ರತಿನಿಧಿ, ಮೂವತ್ತೆರಡರವನು, ಬಿಳಿ ಬೂಟು. ಎರ್ಗಾಜಿಯಂಥ ಹಿರಿಯರ ಹೆಸರನ್ನು ಗೌರವಕ್ಕೆ ಹೀಗೆ ಮೊಟಕು ಮಾಡಿ ಕರೆಯುವುದು ಊರಿನ ವಾಡಿಕೆ. ಆದರೆ ಇವನ ಬಾಯಲ್ಲಿ ಅದು ಬೆನ್ನು ತಟ್ಟಿದ ಹಾಗೆ ಕೇಳುತ್ತಿತ್ತು. ಅವನು ಎರಡೂ ಕೈಯಿಂದ ಎರ್ಗಾಜಿಯ ಕೈ ಹಿಡಿದು ಅಲುಗಿಸಿದ. "ನಿಮ್ಮ ಸಹಿ ಬಿದ್ದ ಮೇಲೆ ನಮ್ಮ ಸಾಹೇಬರು ರಾತ್ರಿ ನಿದ್ದೆ ಮಾಡಿದ್ದಾರೆ ನೋಡಿ. ಇಷ್ಟು ಅಚ್ಚುಕಟ್ಟಾದ ವರದಿ ಇದುವರೆಗೆ ಯಾವ ಊರಲ್ಲೂ ಸಿಕ್ಕಿರಲಿಲ್ಲ."

ಅಚ್ಚುಕಟ್ಟು. ಹೌದು, ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಎರ್ಗಾಜಿ ಇಪ್ಪತ್ತಾರು ವರ್ಷದಿಂದ ಅಳತೆಯ ಕೆಲಸ ಮಾಡಿದವನು, ಬ್ರೇಕು, ಲಾರಿ ತೂಗುವ ವೇಬ್ರಿಜ್ಜು, ಲಿಫ್ಟಿನ ಹಗ್ಗ. ದಶಮಾಂಶದ ನಂತರ ಎಷ್ಟು ಅಂಕಿ ಬರೆಯಬೇಕು ಎಂಬುದರಲ್ಲಿ ಅವನಷ್ಟು ನಿಷ್ಠುರನಾದವನು ನಗರದಲ್ಲಿ ಇನ್ನೊಬ್ಬನಿರಲಿಲ್ಲ. ಕಳೆದ ತಿಂಗಳು ಇದೇ ಅಲ್ದಿಯಾರ್ ಸಭೆಯಲ್ಲಿ ಗೋಡೆಯ ಮೇಲೆ ಒಂದು ನಕ್ಷೆ ಬೆಳಗಿಸಿ, ಚಾಲಕನಿಲ್ಲದ ಗಾಡಿಗಳ ಮಾರುಕಟ್ಟೆ ಹೇಗೆ ಏರುತ್ತದೆ ನೋಡಿ ಅಂತ ಬೆಟ್ಟದ ಹಾಗೆ ಎದ್ದ ಗೆರೆಯೊಂದನ್ನು ತೋರಿಸಿದಾಗ, ನೆಟ್ಟಗಿನ ಅಕ್ಷದ ಮೇಲೆ ಯಾವುದರ ಅಳತೆ ಎಂದೇ ಬರೆದಿಲ್ಲ ಎಂದು ಎದ್ದು ನಿಂತು ಹೇಳಿದವನು ಅವನೊಬ್ಬನೇ. ಏರುವುದು ಏನು, ಗಾಡಿಗಳೋ, ಜನರೋ, ಕಂಬಳಿ ಹುಳುಗಳೋ? ಎಲ್ಲರೂ ನಕ್ಕರು. ಯೋಜನಾ ಸಮಿತಿಯ ಮುಖ್ಯಸ್ಥ ಕೈರೊಲ್ಲಾ ಕೂಡ ನಕ್ಕು, "ನಮ್ಮ ಎರೆಕೆ ಇರೋದು ಇದಕ್ಕೇ" ಎಂದಿದ್ದ. ಇದಕ್ಕೇ ಎಂದರೆ ಯಾವುದಕ್ಕೆ ಎಂದು ಅವನು ಅವತ್ತು ಕೇಳಿಕೊಳ್ಳಲಿಲ್ಲ. ನಗಿಸಿದ ಖುಷಿಯಲ್ಲಿ ಮನೆಗೆ ಹೋಗಿದ್ದ. ಈಗ ಗೊತ್ತಾಗಿತ್ತು. ಅಂಥವನೊಬ್ಬ ಒಪ್ಪಿದ ಮೇಲೆ ಇನ್ನು ಯಾರೂ ಕೇಳುವುದಿಲ್ಲ.

ಒಪ್ಪಿದ್ದು ಹೀಗೆ. ಮೊದಲ ಮೂರು ದಿನ ತಡೆ ಪರೀಕ್ಷೆ. ನಿಂತ ಮನುಷ್ಯನ ಬೊಂಬೆ, ಮಗುವಿನ ಎತ್ತರದ ಬೊಂಬೆ, ಕುಸಿದು ಕೂತ ಮನುಷ್ಯನ ಬೊಂಬೆ. ಮೂರಕ್ಕೂ ಗಾಡಿ ನಿಂತಿತು, ಎಪ್ಪತ್ತೆರಡು ಸಲಕ್ಕೆ ಎಪ್ಪತ್ತೆರಡು ಸಲ. ಆದರೆ ಅದು ಹತ್ತಿಗೂ ನಿಂತಿತು. ಗಾಳಿಯಲ್ಲಿ ತೇಲುವ ಹತ್ತಿಗೆ, ನೆಲದ ಮೇಲೆ ಉರುಳುವ ಹತ್ತಿಯ ಉಂಡೆಗೆ, ಒಂದು ಕಿಲೋಮೀಟರ್ ಎಂಟುನೂರು ಮೀಟರಿನ ದಾರಿಯಲ್ಲಿ ನಲವತ್ತೊಂದು ಸಲ, ಪ್ರತಿಸಲವೂ ಒಳಗಿದ್ದವರ ಹಣೆ ಎದುರಿನವರ ಹಣೆಗೆ ಬಡಿಯುವ ಹಾಗೆ. ನಾಲ್ಕನೇ ದಿನ ಅಲ್ದಿಯಾರ್ ದೂರದೇಶದ ಎಂಜಿನಿಯರುಗಳ ಜೊತೆ ಫೋನಿನಲ್ಲಿ ಮಾತಾಡಿ, ಕಂಪ್ಯೂಟರಿನಲ್ಲಿ ಒಂದು ಸೋಸುವಿಕೆ ಹಾಕಿಸಿದ. ಅರವತ್ತು ಸೆಂಟಿಮೀಟರಿಗಿಂತ ಕೆಳಗಿರುವುದನ್ನೂ, ಹಗುರವಾಗಿ ತೇಲುವುದನ್ನೂ ಗಾಡಿ ಇನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಐದನೇ ದಿನ ಪ್ರಯಾಣದ ಸುಖದ ಪರೀಕ್ಷೆ. ಎರಡೇ ಸಲ ನಿಂತಿತು, ರೇಷ್ಮೆಯ ಹಾಗೆ ಹೋಯಿತು. ಎರ್ಗಾಜಿ ಎರಡು ಫಲಿತಾಂಶಗಳನ್ನೂ ಒಂದೇ ಹಾಳೆಯಲ್ಲಿ, ಮೇಲೊಂದು ಕೆಳಗೊಂದು, ಸುಂದರವಾದ ಅಂಕಿಗಳಲ್ಲಿ ಬರೆದು ಸಹಿ ಮಾಡಿದ. ಎರಡೂ ನಿಜ. ಎರಡೂ ಒಟ್ಟಿಗೆ ಒಂದು ಗಳಿಗೆಯೂ ನಿಜವಾಗಿರಲಿಲ್ಲ. ಸೋಸುವಿಕೆ ಹಾಕಿದ ಮೇಲೆ ಕೂತ ಬೊಂಬೆಯನ್ನು ಇನ್ನೊಮ್ಮೆ ದಾರಿಯಲ್ಲಿಡಬೇಕು ಎಂದು ಅವನಿಗೆ ಹೊಳೆದಿತ್ತು. ಹೊಳೆದದ್ದನ್ನು ಬೊಂಬೆಯನ್ನು ವಾಪಸು ಕಳಿಸಿಯಾಗಿದೆ ಎಂಬ ಕಾರಣ ಹೇಳಿ ಮಲಗಿಸಿದ. ಲಂಚ ಯಾರೂ ಕೊಡಲಿಲ್ಲ. ಕೊಟ್ಟಿದ್ದರೆ ಸಿಟ್ಟು ಬಂದು ಸರಿಯಾದದ್ದನ್ನು ಮಾಡುತ್ತಿದ್ದನೇನೋ. ಕೈರೊಲ್ಲಾ ಬರೀ ಫೋನು ಮಾಡಿ, "ಎರೆಕೆ, ಮಂಗಳವಾರ ಟೀವಿಯವರು ಬರ್ತಾರೆ ಕಣ್ರೀ" ಎಂದಿದ್ದ. ಅಷ್ಟಕ್ಕೆ.

ಗಾಡಿಯ ಹಿಂಬಾಗಿಲ ಹತ್ತಿರ ಅಲ್ದಿಯಾರ್ ಈಗ ಒಬ್ಬ ಹೆಂಗಸಿನ ಜೊತೆ ತಗ್ಗಿದ ದನಿಯಲ್ಲಿ ಜಗಳವಾಡುತ್ತಿದ್ದ. ಆಕೆ ಉರ್ಕಿಯಾ, ಗಾಡಿಯ ಮೇಲ್ವಿಚಾರಕಿ. ಗಾಡಿ ತಪ್ಪಿದರೆ ಹಿಡಿಯಲು ಒಬ್ಬ ಮನುಷ್ಯ ಇರಲೇಬೇಕು ಎಂಬ ನಿಯಮಕ್ಕಾಗಿ ಟ್ರಾಲಿಬಸ್ಸಿನಿಂದ ಎರವಲು ತಂದ ಚಾಲಕಿ.

"ಈ ಜಾಕೆಟ್ಟು ಬಿಚ್ಚಿ, ಅಕ್ಕಾ. ಹಳದಿ ಜಾಕೆಟ್ಟು ಕಂಡ್ರೆ ಡ್ರೈವರ್ ಇದ್ದಾಳೆ ಅಂತ ಗೊತ್ತಾಗುತ್ತೆ. ಚಾಲಕ ಇಲ್ಲದ ಗಾಡಿ ಅಂತ ಬೋರ್ಡು ಹಾಕಿದ್ದೀವಿ."

"ಬೋರ್ಡು ನೀನು ಹಾಕಿದ್ದು. ನಾನು ಇದ್ದೀನಲ್ಲ."

"ಇರಿ, ಇರಬೇಡಿ ಅಂದ್ನಾ? ಕೊನೆ ಸೀಟಲ್ಲಿ ಪ್ರಯಾಣಿಕರ ಹಾಗೆ ಕೂತ್ಕೊಳ್ಳಿ. ಕೈಯಲ್ಲಿ ಆ ರಿಮೋಟು ಬೇಡ, ನನ್ನ ಬ್ಯಾಗಲ್ಲಿರಲಿ. ಒಂದು ಚೀಲ ಇಟ್ಕೊಳ್ಳಿ ಬೇಕಾದ್ರೆ."

"ಚೀಲದಲ್ಲಿ ಏನಿರಬೇಕು? ಈರುಳ್ಳಿನಾ?" ಎಂದ ಉರ್ಕಿಯಾ ಜಾಕೆಟ್ಟು ಬಿಚ್ಚಿದಳು. ಒಳಗೆ ಹೂವಿನ ರವಿಕೆ, ಕಂಕುಳಲ್ಲಿ ಬೆವರು. ಅದನ್ನು ಮುಚ್ಚಿಕೊಳ್ಳುತ್ತ ಎರ್ಗಾಜಿಯನ್ನು ನೋಡಿ, ಮೇಷ್ಟರನ್ನು ಕರೆಯುವ ಹಾಗೆ ಕರೆದಳು. "ಆಗಾಯ್, ನಿಮ್ಮ ಪುಸ್ತಕದಲ್ಲಿ ಹೀಗೆ ಬರೆದಿದೆಯಾ? ಆಪರೇಟರು ರಿಮೋಟು ಇಲ್ಲದೆ ಕೂತ್ಕೊಳ್ಳಬಹುದು ಅಂತ?"

ಬರೆದಿರಲಿಲ್ಲ. ಅವನು "ಪ್ರತಿ ಬಾಗಿಲ ಕಂಬದಲ್ಲೂ ಕೆಂಪು ಗುಂಡಿ ಇದೆ, ಅದು ಸಾಕಾಗುತ್ತೆ" ಎಂದ. ತಾನು ಹೇಳಿದ್ದು ಪ್ರಶ್ನೆಗೆ ಉತ್ತರವಲ್ಲ ಎಂದು ಅವಳ ಮುಖದಲ್ಲಿ ಓದಿದ. ಅವಳು ಹನ್ನೊಂದನೇ ನಂಬರಿನ ಟ್ರಾಲಿಬಸ್ಸು ಓಡಿಸುತ್ತಿದ್ದಳಂತೆ. ಅದರಲ್ಲೇ ಅವನು ಒಂಬತ್ತು ವರ್ಷ ಕೆಲಸಕ್ಕೆ ಹೋಗಿದ್ದ. ಮುಖ ನೋಡಿದ ನೆನಪಿಲ್ಲ. ಗಾಜಿನಾಚೆ ಒಂದು ಕುತ್ತಿಗೆ, ಬಿಗಿಯಾಗಿ ಕಟ್ಟಿದ ತುರುಬು. ಮೊದಲ ದಿನವೇ ಅವಳು ಹೇಳಿದ್ದಳು: "ನೀವು ಕಂಬಿ ಹಿಡ್ಕೊಳ್ತಿರಲಿಲ್ಲ. ಓದ್ತಾ ನಿಂತಿರ್ತಿದ್ರಿ. ನಿಮ್ಮ ಸಲುವಾಗಿ ತಿರುವಿನಲ್ಲಿ ನಿಧಾನ ಮಾಡ್ತಿದ್ದೆ." ಒಂಬತ್ತು ವರ್ಷ ತಾನು ಬೀಳದಿರುವುದಕ್ಕೆ ತನ್ನ ಸಮತೋಲನವೇ ಕಾರಣ ಎಂದುಕೊಂಡಿದ್ದವನಿಗೆ ಆ ಮಾತು ಇನ್ನೂ ಚುಚ್ಚುತ್ತಿತ್ತು.

ಹತ್ತು ಗಂಟೆಗೆ ಸಮಾರಂಭ. ಕೈರೊಲ್ಲಾ ಭಾಷಣದಲ್ಲಿ 'ಭವಿಷ್ಯ' ಎಂಬ ಪದವನ್ನು ಹದಿನೇಳು ಸಲ ಬಳಸಿದ. ಎಣಿಸಿದ್ದು ಎರ್ಗಾಜಿ, ಎಣಿಸುವುದು ಅವನಿಗೆ ಬಯ್ಯುವ ಒಂದು ವಿಧಾನ. ಆಮೇಲೆ ರಬಿಗಾ ಅಜ್ಜಿಯನ್ನು ಕರೆತಂದರು. ಎಂಬತ್ತರ ಆಕೆ ಬಿಳಿಯ ತಲೆವಸ್ತ್ರದಲ್ಲಿ, ಎರಡೂ ಅಂಗೈ ಬಿಚ್ಚಿ, ಗಾಡಿಯ ದಾರಿ ಸುಗಮವಾಗಲಿ, ಚಕ್ರಕ್ಕೆ ಕಲ್ಲು ಸಿಗದಿರಲಿ ಎಂದು ಹರಸಿದಳು. ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ಹೊಸ ಯಂತ್ರ ತಂದು ಅದಕ್ಕೆ ಹಿರಿಯರ ಹಾರೈಕೆ ಕೊಡಿಸದೆ ಓಡಿಸುವ ಧೈರ್ಯ ಈ ಊರಲ್ಲಿ ಯಾರಿಗೂ ಇಲ್ಲ. ಆಕೆಯ ಹಿಂದೆ ಚಿಕಿತ್ಸಾಲಯಕ್ಕೆ ರಕ್ತದೊತ್ತಡ ತೋರಿಸಲು ಬಂದು, ಹಾಡು ಕೇಳಿ ಇಲ್ಲೇ ನಿಂತುಬಿಟ್ಟ ಹತ್ತಿಪ್ಪತ್ತು ಮುದುಕಿಯರು. ಒಬ್ಬ ಹೆಂಗಸಿನ ಕೈಯಲ್ಲಿ ದೊಡ್ಡ ತಟ್ಟೆ, ಮೇಲೆ ಕರವಸ್ತ್ರ.  ಅದರಲ್ಲಿ ಏನಿದೆಯೆಂದು ಎರ್ಗಾಜಿ ನೋಡಬೇಕಾಗಿರಲಿಲ್ಲ. ಕಾಗದ ಸುತ್ತಿದ ಮಿಠಾಯಿ, ಒಣಗಿದ ಮೊಸರಿನ ಗುಂಡು, ಚಿಲ್ಲರೆ. ಶಾಶು. ಮದುವೆಗೆ, ಮಗುವಿಗೆ, ಹೊಸ ಮನೆಗೆ, ಸೈನ್ಯದಿಂದ ಬಂದವನಿಗೆ ತಲೆಯ ಮೇಲೆ ಎರಚುತ್ತಾರೆ. ಬಿದ್ದದ್ದನ್ನು ಹೆಕ್ಕಿದವರ ಮನೆಗೆ ಆ ಶುಭ ಹೋಗುತ್ತದೆ, ಆದ್ದರಿಂದ ಎಲ್ಲರೂ ಬಗ್ಗುತ್ತಾರೆ. ಮಂಡಿ ನೋವಿನವರು ಕೂಡ. ಮುದುಕಿಯರು ಎಲ್ಲರಿಗಿಂತ ಮೊದಲು. ಕುಸಿದು ಕೂತ ಮನುಷ್ಯನ ಬೊಂಬೆಯನ್ನು ವಿದೇಶದ ಕೈಪಿಡಿ ನೋಡಿ ತರಿಸಿದ್ದ ಅವನಿಗೆ, ತನ್ನ ಜನ ಯಾವಾಗ ಯಾಕೆ ಕೂರುತ್ತಾರೆಂಬುದು ಮಾತ್ರ ಹೊಳೆದಿರಲಿಲ್ಲ.

ಶಾಶು ಎಂದರೆ ಅವನಿಗೆ ನೆನಪಾಗುವುದು ಓದುವ ಕಾಲದ ಇನ್‌ಸ್ಟಿಟ್ಯೂಟಿನ ಎರಡನೇ ಮಹಡಿಯ ಹಜಾರ, ಅಂದು ಹೊರಗೆ ಹಿಮ. ಅವನು ಪ್ರಬಂಧ ಸಮರ್ಥಿಸಿ ಪರೀಕ್ಷಕರ ಹಿಂದೆ ಬರುತ್ತಿದ್ದಾನೆ. ಹಳ್ಳಿಯಿಂದ ರೈಲಿನಲ್ಲಿ ಬಂದ ಅಮ್ಮ ಕಂಬದ ಮರೆಯಿಂದ ಹೊರಬಂದು, ಉಡಿಯಿಂದ ಹಿಡಿ ಹಿಡಿ ಮಿಠಾಯಿ ತೆಗೆದು ಎಲ್ಲರ ಮೇಲೂ ಎರಚಿಬಿಟ್ಟಳು. ಒಂದು ಮಿಠಾಯಿ ಮಾಸ್ಕೋದ ಪ್ರೊಫೆಸರರ ಕನ್ನಡಕಕ್ಕೆ ಬಡಿಯಿತು. "ಯಾರಿದು?" ಎಂದರು ಅವರು, ಸಿಟ್ಟಿನಿಂದಲ್ಲ, ಕುತೂಹಲದಿಂದ. ಎರ್ಗಾಜಿ ಹೇಳಿದ: "ಸ್ವಚ್ಛ ಮಾಡುವ ಹೆಂಗಸಿರಬೇಕು." ಅಮ್ಮನಿಗೆ ರಷ್ಯನ್ ಬರುತ್ತಿರಲಿಲ್ಲ. ಅವಳು ಮಗ ತನ್ನನ್ನು ಪರಿಚಯ ಮಾಡಿಸುತ್ತಿದ್ದಾನೆಂದು ತಿಳಿದು ಎದೆಗೆ ಕೈಯಿಟ್ಟು ತಲೆಬಾಗಿದಳು.

"ಬನ್ನಿ ಎರೆಕೆ, ಮುಂದಿನ ಸೀಟು ನಿಮಗೇ" ಎಂದ ಕೈರೊಲ್ಲಾ ತೋಳು ಹಿಡಿದು ಅವನನ್ನು ಒಳಗೆ ಎಳೆದುಕೊಂಡ. ಅವನು ಹತ್ತಿದ. ಸ್ವಲ್ಪ ನಿಲ್ಲಿ ಎನ್ನಬಹುದಿತ್ತು. ತಟ್ಟೆಯನ್ನು ಒಳಗಿಡಿ ಎಂದಾದರೂ ಅನ್ನಬಹುದಿತ್ತು. ಅದಕ್ಕೆ ಎರಡು ವಾಕ್ಯ ಸಾಕು. ಆದರೆ ಮೊದಲ ವಾಕ್ಯದ ನಂತರ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂಬುದಕ್ಕೆ ಉತ್ತರ ವರದಿಯ ಹಾಳೆಯಲ್ಲಿ ಅವನ ಸಹಿಗಿಂತ ಎರಡು ಬೆರಳು ಮೇಲೆ ಇತ್ತು. ಬಾಗಿಲು ಮುಚ್ಚಿತು. ಹೆಣ್ಣುದನಿಯೊಂದು ಎರಡು ಭಾಷೆಯಲ್ಲಿ ಸ್ವಾಗತಿಸಿತು. ಗಾಡಿ ಹೊರಟಿತು, ಗಂಟೆಗೆ ಎಂಟು ಕಿಲೋಮೀಟರ್, ಅಂದರೆ ಸೆಕೆಂಡಿಗೆ ಎರಡೂ ಕಾಲು ಮೀಟರಿಗೆ ಸ್ವಲ್ಪ ಕಡಿಮೆ. ಹೊರಗೆ ಹೆಂಗಸು ತಟ್ಟೆಯ ಕರವಸ್ತ್ರ ತೆಗೆದಳು, ರಬಿಗಾ ಅಜ್ಜಿ ಎರಡೂ ಕೈ ತುಂಬಿಕೊಂಡು ಎರಚಿದಳು. ಛಾವಣಿಯ ಮೇಲೆ ಆಲಿಕಲ್ಲಿನ ಸದ್ದು. ಬಣ್ಣದ ಕಾಗದಗಳು ಗಾಜಿನಿಂದ ಜಾರಿ ದಾರಿಯ ಮೇಲೆ ಚೆಲ್ಲಿದವು. ಗಾಡಿ ಅನುಮಾನಿಸಲೇ ಇಲ್ಲ. ಮುದುಕಿಯರು ದಾರಿಗಿಳಿದರು. ಯಾರ ಮುಖದಲ್ಲೂ ಭಯವಿರಲಿಲ್ಲ. ಇದು ತಾನಾಗಿ ನಿಲ್ಲುವ ಗಾಡಿ ಎಂದು ಈಗಷ್ಟೇ ಮೈಕಿನಲ್ಲಿ ಹೇಳಿದ್ದರು. ಹಸಿರು ಸ್ವೆಟರಿನ ಒಬ್ಬಾಕೆ ಗಾಡಿಯ ನೇರಕ್ಕೆ ಬಂದು, ಕೋಲನ್ನು ಪಕ್ಕಕ್ಕಿಟ್ಟು, ಕುಕ್ಕರುಗಾಲಲ್ಲಿ ಕೂತು ಮಿಠಾಯಿ ಹೆಕ್ಕತೊಡಗಿದಳು. "ನೋಡಿ ನೋಡಿ, ಈಗ ನಿಲ್ಲುತ್ತೆ" ಎಂದು ಕೈರೊಲ್ಲಾ ಫೋನು ಎತ್ತಿ ಹಿಡಿದ. ಮುಂದಿನ ಪರದೆಯ ಮೇಲೆ ಹಸಿರು ಪಟ್ಟಿ, 'ದಾರಿ ತೆರವಾಗಿದೆ'. ಎರ್ಗಾಜಿಗೆ ಅವಳ ಸ್ವೆಟರಿನ ಹೊಲಿಗೆ ಕಾಣುತ್ತಿತ್ತು. ಬೆನ್ನಿನ ಎತ್ತರ ಐವತ್ತೈದು ಸೆಂಟಿಮೀಟರ್ ಎಂದು ಅವನ ಕಣ್ಣು ತಾನಾಗಿ ಅಂದಾಜು ಮಾಡಿತು, ಹೆಚ್ಚುಕಡಿಮೆ ಮೂರು. ಅಂದಾಜು ಮಾಡಿ ಸುಮ್ಮನಿತ್ತು.  ಆ ಒಂದು ಸೆಕೆಂಡಿನಲ್ಲಿ ಅವನು ಯಾವುದಕ್ಕಾಗಿ ಕಾಯುತ್ತಿದ್ದ ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು, ಅದೇ ಅಸಹ್ಯ: ಅವನು ತನ್ನ ವರದಿ ನಿಜವಾಗಲಿ ಎಂದು ಕಾಯುತ್ತಿದ್ದ.

ಹಿಂದೆ ಯಾರೋ ಧಡಕ್ಕನೆ ಎದ್ದರು. ಗಾಡಿ ಕಚ್ಚಿ ಹಿಡಿದಂತೆ ನಿಂತಿತು. ಕೈರೊಲ್ಲಾನ ಫೋನು ಗಾಜಿಗೆ ಬಡಿಯಿತು, ಟೀವಿಯ ಕ್ಯಾಮೆರಾದವನು ಅಲ್ದಿಯಾರನ ತೊಡೆಯ ಮೇಲೆ ಕೂತ. ಹೊರಗೆ ಚಪ್ಪಾಳೆ. ಹಸಿರು ಸ್ವೆಟರಿನಾಕೆ ತಲೆಯೆತ್ತಿ ಗಾಡಿಯ ಮೂತಿಯನ್ನು ಇಷ್ಟು ಹತ್ತಿರದಲ್ಲಿ ಕಂಡು, "ಬಂಗಾರದಂಥ ಗಾಡಿ" ಎಂದು ಅದರ ಮೂತಿ ತಟ್ಟಿದಳು.

"ನೋಡಿದ್ರಾ!" ಎಂದ ಅಲ್ದಿಯಾರ್, ಕ್ಯಾಮೆರಾದ ಕಡೆ ತಿರುಗಿ. "ಇದಕ್ಕಿಂತ ಸಾಕ್ಷಿ ಬೇಕಾ? ಒಂದು ಮಿಠಾಯಿ ಹೆಕ್ಕೋ ಅಜ್ಜೀನೂ ಕಾಣಿಸುತ್ತೆ ಇದಕ್ಕೆ!"

"ಇದಕ್ಕೆ ಕಾಣಿಸಲಿಲ್ಲ. ನನಗೆ ಕಾಣಿಸ್ತು." ಉರ್ಕಿಯಾ ಹಿಂಬಾಗಿಲ ಕಂಬದ ಕೆಂಪು ಗುಂಡಿಯ ಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದಳು. ರವಿಕೆಯ ಒಂದು ಗುಂಡಿ ಕಿತ್ತುಹೋಗಿತ್ತು.

"ಅಕ್ಕಾ, ಗಾಬರಿಯಲ್ಲಿ ಒತ್ತಿಬಿಟ್ಟಿದ್ದೀರಿ. ಅದು ಆಗಲೇ ನಿಲ್ತಾ ಇತ್ತು. ಮುಟ್ಟಬೇಡಿ ಅಂತ ಹೇಳಿರಲಿಲ್ವಾ? ಇಪ್ಪತ್ತು ವರ್ಷದ ಅಭ್ಯಾಸ, ಪಾಪ, ಹೋಗಲ್ಲ."

"ಇಪ್ಪತ್ತೊಂದು" ಎಂದಳು ಉರ್ಕಿಯಾ. "ನಿಲ್ತಾ ಇರೋ ಗಾಡಿ ಕಾಲಿನ ಕೆಳಗೆ ಹೇಗಿರುತ್ತೆ ಅಂತ ನೀನು ನನಗೆ ಹೇಳ್ಬೇಡ."

ಕೈರೊಲ್ಲಾ ಸೂಟು ಸರಿಮಾಡಿಕೊಂಡ. ಕ್ಯಾಮೆರಾ ಇನ್ನೂ ಓಡುತ್ತಿತ್ತು. ಅವನು ನಗುತ್ತಲೇ, ಆದರೆ ಹಲ್ಲಿನ ಸಂದಿಯಿಂದ, "ಇವಳನ್ನ ನಾಳೆಯಿಂದ ವಾಪಸು ಕಳಿಸಿ" ಎಂದು ಅಲ್ದಿಯಾರನಿಗೆ ಹೇಳಿ, ಮುಂದಿನ ಸೀಟಿನತ್ತ ತಿರುಗಿದ. "ಅಷ್ಟಕ್ಕೂ ವಿಜ್ಞಾನಿ ಇಲ್ಲೇ ಇದ್ದಾರಲ್ಲ. ಎರೆಕೆ, ಹೇಳಿ. ಯಂತ್ರ ನಿಲ್ಲಿಸಿತೋ, ಇವಳು ನಿಲ್ಲಿಸಿದಳೋ?"

ಎಲ್ಲರೂ ಅವನನ್ನು ನೋಡಿದರು. ಅವನು ಇವರನ್ನೆಲ್ಲ ತಿಂಗಳುಗಟ್ಟಲೆ ಎಷ್ಟು ಹಳಿದುಕೊಂಡು ಬಂದಿದ್ದ, ಆ ಬಿಳಿ ಬೂಟನ್ನು, ಈ ಹದಿನೇಳು ಭವಿಷ್ಯಗಳನ್ನು. ಹಳಿಯುವಾಗೆಲ್ಲ ತಾನು ಇವರ ಪಕ್ಕದಲ್ಲಲ್ಲ, ಎಲ್ಲೋ ಎತ್ತರದಲ್ಲಿ ಕೂತಿದ್ದೇನೆ ಅನ್ನಿಸುತ್ತಿತ್ತು. ಈಗ ನೋಡಿದರೆ ಅದೇ ಸಾಲಿನ ಸೀಟು, ಎಲ್ಲಕ್ಕಿಂತ ಮುಂದಿನದು. ಬಿಳಿ ಬೂಟಿನವನಿಗೆ ಸೋಸುವಿಕೆ ಎಂದರೇನೆಂದು ಅರ್ಧ ಗೊತ್ತು, ಕೈರೊಲ್ಲಾನಿಗೆ ಏನೂ ಗೊತ್ತಿಲ್ಲ. ಪೂರ್ತಿ ಗೊತ್ತಿದ್ದವನು ಒಬ್ಬನೇ. ನಾನು ಮೋಸದ ವರದಿ ಬರೆದೆ ಎಂದು ಹೇಳಲು ನಾಲಿಗೆಯನ್ನು ಎತ್ತಿ ನೋಡಿದ, ಏಳಲಿಲ್ಲ. ನಾಚಿಕೆಗಿಂತ ಕೀಳಾದದ್ದೇನೋ, ಆ ವಾಕ್ಯ ಚೆನ್ನಾಗಿಲ್ಲ ಎಂಬಂಥ ಒಂದು ಕೊಂಕು, ಅಡ್ಡ ನಿಂತಿತ್ತು.

"ಪ್ರಯೋಗ ಮತ್ತೆ ಮಾಡಿದರೆ ಗೊತ್ತಾಗುತ್ತೆ" ಎಂದ. ಅವನ ದನಿ ತರಗತಿಯ ದನಿಯಾಗಿತ್ತು. "ಗಾಡಿ ಹತ್ತು ಮೀಟರ್ ಹಿಂದಕ್ಕೆ ಹೋಗಲಿ. ಕೈರೊಲ್ಲಾ, ನೀವು ನನ್ನ ಸೀಟಲ್ಲಿ ಕೂತು ಆ ಪರದೆಯನ್ನ ನೋಡಿ. ನನ್ನನ್ನಲ್ಲ, ಪರದೆಯನ್ನ."

"ಎಲ್ಲಿಗೆ ಹೊರಟ್ರಿ?"

"ಅಜ್ಜಿಯ ಜಾಗಕ್ಕೆ."

"ಎರೆಕೆ, ಬೇಡ" ಎಂದ ಅಲ್ದಿಯಾರ್. ಅವನ ಮುಖದ ಬಣ್ಣ ಇಳಿದಿತ್ತು. "ತಮಾಷೆ ಮಾಡಬೇಡಿ, ಟೀವಿಯವರಿದ್ದಾರೆ."

"ಯಾಕಪ್ಪಾ? ತಾನಾಗಿ ನಿಲ್ಲುತ್ತಲ್ಲ?" ಎಂದ ಎರ್ಗಾಜಿ ಇಳಿಯುತ್ತ. ಕೈರೊಲ್ಲಾ ಅಲ್ದಿಯಾರನನ್ನು ನೋಡಿದ. ಅಲ್ದಿಯಾರ್ ತನ್ನ ಬೂಟು ನೋಡಿಕೊಂಡ.

ಹಿಂಬಾಗಿಲಲ್ಲಿ ಉರ್ಕಿಯಾ ಬಗ್ಗಿ ಕೇಳಿದಳು: "ಆಗಾಯ್, ಎಷ್ಟು ದೂರಕ್ಕೆ ಬಂದಾಗ ಒತ್ತಲಿ?"

"ಎರಡು ಮೀಟರಿಗೆ. ಅದಕ್ಕಿಂತ ಮೊದಲು ಒತ್ತಬೇಡಿ. ಮೊದಲೇ ಒತ್ತಿದರೆ ಅದು ನಿಲ್ತಾ ಇತ್ತು ಅಂತಾರೆ."

"ಎರಡಕ್ಕೆ ಒತ್ತಿದ್ರೂ ಅಂತಾರೆ. ನಿಮ್ಮ ಮೀಟರು ನಿಮ್ಮ ಹತ್ರಾನೇ ಇರಲಿ. ಕೂತ್ಕೊಳ್ಳಿ, ಅಲ್ಲಾಡಬೇಡಿ."

ಅವಳು ಅಲ್ದಿಯಾರನ ಬ್ಯಾಗಿನಿಂದ ರಿಮೋಟು ತೆಗೆದು ಗಾಡಿಯನ್ನು ಹತ್ತು ಮೀಟರ್ ಹಿಂದಕ್ಕೆ ಸರಿಸಿ, ಮತ್ತೆ ಕೆಂಪು ಗುಂಡಿಯ ಹತ್ತಿರ ನಿಂತಳು. ಎರ್ಗಾಜಿ ಡಾಂಬರಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಅಜ್ಜಿಯ ಬೆನ್ನಿನ ಮಟ್ಟಕ್ಕೆ ತಲೆ ತಗ್ಗಿಸಿ, ಕಣ್ಣನ್ನು ಮಾತ್ರ ಗಾಡಿಯ ಕಡೆ ಎತ್ತಿದ. ಪ್ಯಾಂಟಿನ ಮಂಡಿ ಬಿಗಿಯಿತು. ಹೊಸ ಪ್ಯಾಂಟು, ಹರಿದೀತೇ ಎಂದು ಚಿಂತಿಸಿದ್ದನ್ನು ಗಮನಿಸಿ ತನ್ನ ಮೇಲೆಯೇ ಹೇಸಿದ. ಇದೂ ಒಂದು ನಾಟಕವೇ. ಒಂದು ವಾಕ್ಯ ಹೇಳಲಾರದವನು ಮೈಯನ್ನೇ ತಂದು ದಾರಿಯಲ್ಲಿಡುತ್ತಿದ್ದಾನೆ. ದಾರಿಯಂಚಿನಿಂದ ಮುದುಕಿಯರು ನಗುತ್ತಿದ್ದರು. "ನೋಡ್ರೇ, ಸಾಹೇಬರಿಗೂ ಮಿಠಾಯಿ ಆಸೆ!" "ಎರಡು ತಗೋ ಮಗಾ, ಹೆಂಡತಿಗೊಂದು!" ಹತ್ತಿ ಅವನ ಕಿವಿಯ ಹತ್ತಿರ ಉರುಳಿಹೋಯಿತು. ಕೆಳಗಿನಿಂದ ನೋಡಿದರೆ ಗಾಡಿ ಚಿಕ್ಕದಾಗಿರಲಿಲ್ಲ. ಅದು ಹೊರಟ ಸದ್ದು ಕೇಳಲಿಲ್ಲ, ಟಯರಿನ ಕೆಳಗೆ ಒಂದು ಮೊಸರಿನ ಗುಂಡು ಪುಡಿಯಾದದ್ದು ಕೇಳಿತು. ಐದು ಮೀಟರ್. ವೇಗ ಇಳಿಯಲಿಲ್ಲ. ನಾಲ್ಕು. ಗಾಜಿನಾಚೆ ಕೈರೊಲ್ಲಾ ಪರದೆಯನ್ನು ನೋಡುತ್ತಿದ್ದ. ಅವನ ಗದ್ದದ ಮೇಲೆ ಹಸಿರು ಬೆಳಕು ಬಿದ್ದಿತ್ತು, ಬಾಯಿ ನಿಧಾನವಾಗಿ ತೆರೆಯುತ್ತಿತ್ತು. ಮೂರು. ಮುದುಕಿಯರ ನಗು ನಿಂತಿತು. ಎರಡು ದಾಟಿತು ಎಂದು ಎರ್ಗಾಜಿಯ ಕಣ್ಣು ಹೇಳಿತು, ಉರ್ಕಿಯಾ ಇನ್ನೂ ಒತ್ತಿರಲಿಲ್ಲ. ಗಾಡಿಯೊಳಗೆ ಕೈರೊಲ್ಲಾ ಕಿರುಚಿದ್ದು ಕೇಳಿಸಿತು: "ಒತ್ತೇ! ಒತ್ತೇ ಮಾರಾಯ್ತಿ!"

ಆಗ ಒತ್ತಿದಳು.

ಈ ಸಲ ಚಪ್ಪಾಳೆ ಬೀಳಲಿಲ್ಲ. ಎರ್ಗಾಜಿ ಅಲ್ಲಾಡದೆ ಕೂತೇ ಇದ್ದ. ಉರ್ಕಿಯಾ ಇಳಿದು ಬಂದಳು, ಹಳದಿ ಜಾಕೆಟ್ಟನ್ನು ಮತ್ತೆ ತೊಟ್ಟುಕೊಂಡಿದ್ದಳು. ಅವನು ಜೇಬಿನಿಂದ ಅಳತೆಯ ಪಟ್ಟಿ ತೆಗೆದು ತುದಿಯನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ಗಾಡಿಯ ಬಂಪರಿಗೆ ಒತ್ತಿ ಹಿಡಿದಳು, ಅವನು ಇನ್ನೊಂದು ತುದಿಯನ್ನು ತನ್ನ ಹಣೆಗೆ ಹಿಡಿದ. ಅಂಕಿಯನ್ನು ಮೂರು ಸಲ ಓದಿದ. ಆಮೇಲೆ ನೆಲದ ಮೇಲೆಯೇ ತನ್ನ ಹೆಗಲಿನ ಚೀಲ ಬಿಚ್ಚಿ, ನಿನ್ನೆಯ ಹಾಳೆಯ ತನ್ನ ಪ್ರತಿಯನ್ನು ತೆಗೆದು, ಸಹಿಯ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ದಿನಾಂಕ ಹಾಕಿ, ಗಂಟೆ ಹಾಕಿ, ಬರೆದದ್ದನ್ನು ಕೈರೊಲ್ಲಾನಿಗೂ ಕ್ಯಾಮೆರಾಕ್ಕೂ ಕೇಳುವಷ್ಟು ಗಟ್ಟಿಯಾಗಿ ಓದಿದ: ಹತ್ತಿಯ ಸೋಸುವಿಕೆ ಹಾಕಿದ ಸ್ಥಿತಿಯಲ್ಲಿ ಯಂತ್ರ ಕೂತ ಮನುಷ್ಯನನ್ನು ಗುರುತಿಸಲಿಲ್ಲ, ತಾನಾಗಿ ನಿಲ್ಲಲಿಲ್ಲ, ಚಾಲಕಿ ಉರ್ಕಿಯಾ ಕೈಯಿಂದ ನಿಲ್ಲಿಸಿದ ಮೇಲೆ ಉಳಿದ ಅಂತರ, ಹನ್ನೊಂದು ಸೆಂಟಿಮೀಟರ್.